ಭಾರತದ ಕಾಫಿಗೆ ಹೊರದೇಶದಲ್ಲಿ ಯಾಕೆ ಹೆಸರಿಲ್ಲ?

ಇಷ್ಟೊಂದು ಮೇಳ, ಸ್ಟಾಲ್ ಮಾಡಿದರೂ ಕೊಲಂಬಿಯಾ ಕಾಫಿ ಕೇಳುವ ಹಾಗೆ ಇಂಡಿಯಾ ಕಾಫಿ ಕೊಡಿ ಅಂತ ಯಾರೂ ಕೇಳುವುದಿಲ್ಲವಲ್ಲ, ಯಾಕೆ ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರು ಕಡೆಯವನು, ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ನಲ್ಲಿದ್ದು ಆಮೇಲೆ ಎಕ್ಸ್‌ಪೋರ್ಟ್ ಕೆಲಸಕ್ಕೆ ಬಂದವನು. ನನಗೆ ಕಂಡದ್ದು ಹೇಳುತ್ತೇನೆ.

ನಮ್ಮ ಕಾಫಿ ಮಾರಾಟವಾಗುತ್ತಿಲ್ಲ ಅಂತೇನಿಲ್ಲ. ಬೆಳೆದದ್ದರಲ್ಲಿ ಹೆಚ್ಚಿನ ಪಾಲು ಹೊರಗೇ ಹೋಗುತ್ತದೆ, ಬಹಳ ವರ್ಷಗಳಿಂದ ಇಟಲಿಯೇ ದೊಡ್ಡ ಗಿರಾಕಿ. ಎಸ್ಪ್ರೆಸೊ ಮೇಲೆ ದಪ್ಪ ನೊರೆ ಬರಲು ಅವರಿಗೆ ನಮ್ಮ ರೊಬಸ್ಟಾ ಜಾತಿಯ ಕಾಫಿ ಬೇಕು. ಆದರೆ ಅದನ್ನು ಬ್ರೆಜಿಲ್ ಕಾಫಿ, ಇನ್ನೊಂದು ಕಾಫಿ ಜೊತೆ ಬೆರೆಸಿ ಪ್ಯಾಕೆಟ್ ಮೇಲೆ ತಮ್ಮ ಹೆಸರು ಹಾಕುತ್ತಾರೆ. ಕುಡಿಯುವವನಿಗೆ ಕೊಡಗೂ ಗೊತ್ತಿಲ್ಲ, ಮೂಡಿಗೆರೆಯೂ ಗೊತ್ತಿಲ್ಲ.

ಕೊಲಂಬಿಯಾದವರು ಹಿಡಿದ ದಾರಿಯೇ ಬೇರೆ. ಅಲ್ಲಿ 1927ರಲ್ಲೇ ಬೆಳೆಗಾರರ ಒಕ್ಕೂಟ ಆಯಿತು. 1950ರ ದಶಕದ ಕೊನೆಗೆ ಅವರು ಅಮೆರಿಕದ ಜಾಹೀರಾತು ಕಂಪನಿ ಹಿಡಿದು ಹುವಾನ್ ವಾಲ್ಡೆಜ್ ಅನ್ನುವ ಕಾಲ್ಪನಿಕ ರೈತನನ್ನೂ ಅವನ ಹೇಸರಗತ್ತೆಯನ್ನೂ ಮುಂದಿಟ್ಟು ಸೀದಾ ಕುಡಿಯುವ ಜನರ ಹತ್ತಿರವೇ ಮಾತಾಡಿದರು. ಜನರೇ ಅದನ್ನು ಕೇಳತೊಡಗಿದ ಮೇಲೆ ಹುರಿಯುವ ಕಂಪನಿಗಳು ಪ್ಯಾಕೆಟ್ ಮೇಲೆ ಹೆಸರು ಹಾಕದೆ ಏನು ಮಾಡುತ್ತವೆ? ಆ ಪ್ರಚಾರಕ್ಕೆ ದುಡ್ಡು ಬಂದದ್ದು ರಫ್ತಾಗುವ ಕಾಫಿಯ ಮೇಲಿನ ಸುಂಕದಿಂದ, ಅದೂ ವರ್ಷಗಟ್ಟಲೆ. ನಾವು ಪ್ರಚಾರ ಮಾಡುವುದು ಬಯರ್‌ಗೆ, ಅಂದರೆ ಸಗಟಾಗಿ ಕಾಫಿ ಕೊಳ್ಳುವವನಿಗೆ. ಅವನಿಗೆ ನಮ್ಮ ಕಾಫಿ ಮೊದಲೇ ಗೊತ್ತು, ಸ್ಟಾಲಿಗೆ ಬಂದು ಗೋಡಂಬಿ ತಿಂದು ರೇಟ್ ಕೇಳಿ ಹೋಗುತ್ತಾನೆ ಅಷ್ಟೇ.

ಆದರೂ ಹೆಸರು ಉಳಿಸಿಕೊಂಡ ಕಾಫಿ ನಮ್ಮಲ್ಲೂ ಇದೆ, ಮಾನ್ಸೂನ್ಡ್ ಮಲಬಾರ್. ಮಂಗಳೂರು ಕಡೆಯ ಗೋದಾಮುಗಳಲ್ಲಿ ಬೀಜ ಹರಡಿ, ಮಳೆಗಾಲದ ಗಾಳಿ ಆಡಲು ಬಿಟ್ಟು, ಆಗಾಗ ಕೈಯಾಡಿಸಿ, ಬೀಜ ಊದಿ ಹಳದಿಗೆ ತಿರುಗುವ ತನಕ ಇಡುತ್ತಾರೆ. ಹುಳಿ ಹೋಗುತ್ತದೆ. ಹಾಯಿಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಸಮುದ್ರದ ಮೇಲಿದ್ದಾಗ ಇದು ತಾನಾಗೇ ಆಗುತ್ತಿತ್ತು, ಹಡಗುಗಳು ಬೇಗ ಮುಟ್ಟತೊಡಗಿದ ಮೇಲೆ ಯುರೋಪಿನವರಿಗೆ ಆ ರುಚಿ ಸಿಗದೆ ಇಲ್ಲೇ ಮಾಡಬೇಕಾಯಿತು. ಹೊರಗಿನ ಚಿಕ್ಕ ಚಿಕ್ಕ ರೋಸ್ಟರ್‌ಗಳು, ಅಂದರೆ ಕಾಫಿ ಹುರಿದು ಮಾರುವವರು, ಇದನ್ನು ಇದೇ ಹೆಸರಲ್ಲಿ ಮಾರುತ್ತಾರೆ, ಬೇರೆ ಬೀಜ ಹಾಕಿ ಆ ರುಚಿ ತರಲು ಆಗುವುದಿಲ್ಲ ಅಲ್ವಾ.

2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಜಾತಿಯ ಕಾಫಿಗಳಿಗೆ ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಗುರುತು, ಸಿಕ್ಕಿತು. ಸಂತೋಷ. ಆದರೆ ಬೇರೆ ಕಾಫಿ ಜೊತೆ ಬೆರೆಸುವ ಬ್ಲೆಂಡಿಗೇ ಹೋಗುವುದಾದರೆ ಆ ಸರ್ಟಿಫಿಕೇಟ್ ಸುಮ್ನೆ ಗೋಡೆಗೆ.

ನನ್ನ ಕೈಯಲ್ಲಿ ಪ್ರಚಾರದ ದುಡ್ಡು ಇದ್ದಿದ್ದರೆ ದೊಡ್ಡ ಮೇಳ ಕಡಿಮೆ ಮಾಡಿ, ಇಂಥ ಚಿಕ್ಕ ರೋಸ್ಟರ್‌ಗಳಿಗೆ ಪುಕ್ಕಟೆ ಸ್ಯಾಂಪಲ್ ಕಳಿಸಿ, ಜನವರಿಯಲ್ಲಿ ಕೊಯ್ಲಿನ ಹೊತ್ತಿಗೆ ಕರೆಸಿ, ಮರದ ನೆರಳು, ಮೆಣಸಿನ ಬಳ್ಳಿ ಎಲ್ಲ ತೋರಿಸಿ, ತೋಟದ ಹೆಸರು ಪ್ಯಾಕೆಟ್ ಮೇಲೆ ಬರಬೇಕು ಅಂತ ಒಪ್ಪಂದದಲ್ಲೇ ಬರೆಸುತ್ತಿದ್ದೆ. ಅವರು ಕೊಳ್ಳುವುದು ನಾಲ್ಕಾರು ಮೂಟೆ, ಎಕ್ಸ್‌ಪೋರ್ಟರ್‌ಗೆ ತಲೆನೋವೇ, ಒಪ್ಪುತ್ತೇನೆ. ಚಿಕ್ಕ ಬೆಳೆಗಾರರು ನಾಲ್ಕೈದು ಜನ ಸೇರಿ ಒಂದೇ ಹೆಸರಲ್ಲಿ ಕಳಿಸಿದರೆ ಸ್ವಲ್ಪ ಸುಲಭ. ಕಾಡು ಕಡಿದು ಬೆಳೆದ ಕಾಫಿ ಬೇಡ ಅಂತ ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಕಾನೂನಿನ ಪ್ರಕಾರ ತೋಟ ಎಲ್ಲಿದೆ ಅಂತ ಹೇಗೂ ಗುರುತಿಸಿ ಕೊಡಬೇಕು. ಆ ಮಾಹಿತಿಯನ್ನೇ ತೋಟದ ಫೋಟೋ ಜೊತೆ ಸ್ಯಾಂಪಲ್ ಚೀಲದಲ್ಲಿ ಹಾಕಿ ಕಳಿಸಿ, ಅದಕ್ಕೆ ಬೇರೆ ಖರ್ಚಿಲ್ಲ.