ಜಾಲತಾಣ ಕೊಂಡವರು ಕೋಟ್ಯಧಿಪತಿಗಳಾದರೂ ಬಡ್ಡಿ ಕಟ್ಟುವವರು ಬೇರೆಯವರು

ಶತಕೋಟ್ಯಧಿಪತಿಗಳು ಸಾಮಾಜಿಕ ಜಾಲತಾಣ ಕೊಳ್ಳಲು ಸಂಪತ್ತು ಸುರಿಯುವುದು ಸರಿಯೇ, ಆ ಹಣದಲ್ಲಿ ಶಾಲೆ, ಆಸ್ಪತ್ರೆ ಕಟ್ಟಬಾರದೇ ಎಂದು ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ತೊಗರಿ ಬೇಳೆಯ ಗಿರಣಿ ನಡೆಸುವವನು. ಇಲಾನ್ ಮಸ್ಕ್ ಟ್ವಿಟರನ್ನು ಕೊಂಡದ್ದು 2022ರ ದೀಪಾವಳಿಯ ವಾರದಲ್ಲಿ. ಅದೇ ದೀಪಾವಳಿಯ ಆಸುಪಾಸಿನಲ್ಲಿ ನಾನೂ ನಮ್ಮ ಊರಿನ ಸುದ್ದಿಯ ಒಂದು ಫೇಸ್‌ಬುಕ್ ಪುಟವನ್ನು ಕೊಂಡಿದ್ದೆ. ಅವರು ತೆತ್ತದ್ದು 4,400 ಕೋಟಿ ಡಾಲರ್, ನಾನು ತೆತ್ತದ್ದು ಬೇಳೆಯನ್ನು ಬಣ್ಣ ನೋಡಿ ಆರಿಸುವ ಹಳೆಯ ಸಾರ್ಟೆಕ್ಸ್ ಯಂತ್ರವೊಂದರ ಬೆಲೆ. ಪುಟಗಳನ್ನು ಹಾಗೆ ಮಾರುವುದು ಫೇಸ್‌ಬುಕ್ಕಿನ ನಿಯಮಕ್ಕೆ ವಿರುದ್ಧವೆಂದು ನನಗೆ ಆಮೇಲೆ ತಿಳಿಯಿತು. ಆ ಕಥೆ ಬೇರೆ.

ಪುಟವನ್ನು ಕಟ್ಟಿದವನು ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಅಡತ್ (ದಲ್ಲಾಳಿ) ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗ. ಹರಾಜು ಮುಗಿದ ಕೂಡಲೇ ತೊಗರಿ, ಕಡಲೆ, ಉದ್ದಿನ ಕನಿಷ್ಠ ಮತ್ತು ಗರಿಷ್ಠ ದರಗಳನ್ನು ಚೀಟಿಯ ಹಿಂಬದಿಯಲ್ಲಿ ಬರೆದು, ಆ ಚೀಟಿಯನ್ನು ತೊಗರಿ ರಾಶಿಯ ಮೇಲಿಟ್ಟು ಫೋಟೊ ತೆಗೆದು ಹಾಕುತ್ತಿದ್ದ. ಯಾವ ಬಡಾವಣೆಗೆ ಎಂದು ನೀರು ಬಿಡುತ್ತಾರೆ, ಯಾರ ಬೈಕು ಕಳುವಾಗಿದೆ, ರಾತ್ರಿ ಯಾವ ಔಷಧಿ ಅಂಗಡಿ ತೆರೆದಿರುತ್ತದೆ ಎಂಬುದೆಲ್ಲ ಅದರಲ್ಲಿ ಸಿಗುತ್ತಿತ್ತು. ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದಾಗ, ಊರಿನ ಅರ್ಧ ಮಂದಿ ದಿನಾ ನೋಡುವ ಈ ಪುಟ ನನ್ನ ಕೈಗೆ ಬಂದರೆ ಗಿರಣಿಗೂ ಹೆಸರು, ಜಾಹೀರಾತಿನಿಂದ ಆದಾಯವೂ ಆಗುತ್ತದೆಂದು ಎಣಿಸಿದೆ.

ಪುಟ ಕೊಂಡದ್ದನ್ನು ನಾನು ಇಂದಿಗೂ ತಪ್ಪೆನ್ನುವುದಿಲ್ಲ. ಅದಕ್ಕೆ ಗಿರಣಿಯ ಸಿ.ಸಿ. ಖಾತೆಯಿಂದ ಹಣ ಎತ್ತಿದ್ದು ತಪ್ಪು. ಗಿರಣಿ ವ್ಯವಹಾರ ತಿಳಿಯದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಿ.ಸಿ. ಎಂದರೆ ಗೋದಾಮಿನಲ್ಲಿರುವ ದಾಸ್ತಾನಿನ ಮೇಲೆ ಬ್ಯಾಂಕು ಕೊಡುವ ಸಾಲ. ತೊಗರಿ ಬಂದಾಗ ಎತ್ತುತ್ತೇವೆ, ಬೇಳೆ ಮಾರಿದಾಗ ತುಂಬುತ್ತೇವೆ, ಮತ್ತೆ ಎತ್ತುತ್ತೇವೆ. ತಿಂಗಳು ತಿಂಗಳು ದಾಸ್ತಾನಿನ ಪಟ್ಟಿ ಕೊಡಬೇಕು. ದಾಸ್ತಾನು ಇಳಿದರೆ ಎತ್ತಬಹುದಾದ ಮೊತ್ತವೂ ಇಳಿಯುತ್ತದೆ. ಅಂಥ ಹಣವನ್ನು ಗೋದಾಮಿನಲ್ಲಿಡಲಾಗದ, ಅಡವಿಡಲಾಗದ, ಬ್ಯಾಂಕಿನವರಿಗೆ ತೋರಿಸಲೂ ಆಗದ ವಸ್ತುವಿನ ಮೇಲೆ ಹಾಕಿದ್ದೆ. ಡಿಸೆಂಬರ್ ಕೊನೆಗೆ ಹೊಸ ತೊಗರಿಯ ಆವಕ ಶುರುವಾಗುವುದರೊಳಗೆ ಜಾಹೀರಾತಿನ ಹಣದಿಂದ ಅದನ್ನು ತುಂಬುತ್ತೇನೆಂಬುದು ನನ್ನ ಲೆಕ್ಕ.

ಆ ವರ್ಷ ನಮ್ಮ ಜಿಲ್ಲೆಯಲ್ಲಿ ನೆಟೆ ರೋಗ ಬಿದ್ದು ನಿಂತ ತೊಗರಿ ಒಣಗಿತು. ಮಾಲು ಕಡಿಮೆ, ದರ ಏರುವುದು ಖಚಿತ ಎಂದು ಗಂಜಿನಲ್ಲಿ ಹಮಾಲರೂ ಹೇಳುತ್ತಿದ್ದರು. ಜನವರಿಯಲ್ಲಿ ಕ್ವಿಂಟಾಲಿಗೆ ಏಳು, ಏಳೂವರೆ ಸಾವಿರದ ಆಸುಪಾಸಿನಲ್ಲಿದ್ದ ತೊಗರಿ ಮಳೆಗಾಲದ ಹೊತ್ತಿಗೆ ಹತ್ತು ಸಾವಿರ ದಾಟಿತು. ಉಳಿದ ಗಿರಣಿಯವರು ಕೊಳ್ಳುವಾಗ ನನ್ನ ಖಾತೆಯಲ್ಲಿ ಎತ್ತಲು ಹಣವಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ಪುಟಕ್ಕೆ ಆಯಿತು. ಬಡ್ಡಿ ಕಟ್ಟಲು ಅದರಿಂದ ಹಣ ಹಿಂಡಬೇಕಾಯಿತು, ದರದ ಚೀಟಿಯ ಜಾಗದಲ್ಲಿ ಲೇಔಟುಗಳ ಜಾಹೀರಾತು ಬಂತು, ಗಂಜಿಗೆ ಹೋಗಿ ದರ ಬರೆಯಲು ಒಬ್ಬ ಹುಡುಗನಿಗೆ ಸಂಬಳ ಕೊಡುವುದೂ ದುಬಾರಿಯಾಗಿ ಕಂಡಿತು. "ನೀರು ಯಾವಾಗ ಬಿಡ್ತಾರ ಅಂತ ನೋಡ್ಲಿಕ್ಕ ಬಂದ್ರ ಬರೀ ಪ್ಲಾಟೇ ಕಾಣಸ್ತಾವಲ್ರೀ ಸಾವ್ಕಾರ್ರ" ಎಂದು ಒಬ್ಬರು ಬರೆದರು. ಅದನ್ನು ಅಳಿಸಿದೆ, ನಾಚಿಕೆಯಿಂದಲೇ. ಬೇಸಿಗೆ ಬರುವಷ್ಟರಲ್ಲಿ ನೋಡುವವರು ಬೇರೆ ಪುಟಕ್ಕೆ ಹೋಗಿದ್ದರು.

ಈ ಅನುಭವದಿಂದಲೇ ನಿಮ್ಮ ಪ್ರಶ್ನೆಯ ಬುನಾದಿಯನ್ನು ನಾನು ಒಪ್ಪುವುದಿಲ್ಲ. ಟ್ವಿಟರಿಗೆ ತೆತ್ತ ಮೊತ್ತ ಆಗಿನ ಲೆಕ್ಕದಲ್ಲಿ ಸುಮಾರು 3.6 ಲಕ್ಷ ಕೋಟಿ ರೂಪಾಯಿ. 2023ರ ಜುಲೈನಲ್ಲಿ ಮಂಡನೆಯಾದ ಕರ್ನಾಟಕದ ಇಡೀ ಬಜೆಟ್ಟೇ 3.27 ಲಕ್ಷ ಕೋಟಿ. ಅಷ್ಟು ಹಣ ಹಾಳಾಯಿತೆಂದು ಮರುಗಬೇಡಿ, ಅದು ಟ್ವಿಟರಿನ ಹಳೆಯ ಷೇರುದಾರರ ಜೇಬಿಗೆ ಹೋಯಿತು, ಅಷ್ಟೆ. ಕೊಳ್ಳದಿದ್ದರೆ ಅದರಲ್ಲಿ ಮಸ್ಕ್ ಅವರ ಪಾಲು ಬಹುಮಟ್ಟಿಗೆ ಅವರ ಕಾರು ಕಂಪನಿ ಟೆಸ್ಲಾದ ಷೇರಾಗಿಯೇ ಉಳಿಯುತ್ತಿತ್ತು, ಆಸ್ಪತ್ರೆಯಾಗುತ್ತಿರಲಿಲ್ಲ.

ಅದೆಲ್ಲ ಅವರ ಸ್ವಂತ ಸಂಪತ್ತೆಂಬ ನಿಮ್ಮ ಎಣಿಕೆಯೂ ಸರಿಯಲ್ಲ. ಒಂದು ಪಾಲನ್ನು ಮಸ್ಕ್ ಟೆಸ್ಲಾ ಷೇರು ಮಾರಿ ಹೊಂದಿಸಿದರು, ಇನ್ನೊಂದು ಪಾಲನ್ನು ಒರಾಕಲ್ ಕಂಪನಿಯ ಲ್ಯಾರಿ ಎಲಿಸನ್ ಮುಂತಾದವರು ಹಾಕಿದರು. ಆದರೆ ಸುಮಾರು 1,300 ಕೋಟಿ ಡಾಲರನ್ನು ಬ್ಯಾಂಕುಗಳಿಂದ ಸಾಲವಾಗಿ ತಂದು, ಅದನ್ನು ಮಾರಾಟವಾಗುತ್ತಿದ್ದ ಟ್ವಿಟರಿನ ತಲೆಯ ಮೇಲೆಯೇ ಹೊರಿಸಲಾಯಿತು. 2021ರಲ್ಲಿ ಒಟ್ಟು 508 ಕೋಟಿ ಡಾಲರ್ ಆದಾಯವಿದ್ದೂ ನಷ್ಟ ತೋರಿಸಿದ್ದ ಕಂಪನಿ ಅದು. ಅದರ ಮೇಲೆ ವರ್ಷಕ್ಕೆ 100 ಕೋಟಿ ಡಾಲರಿಗೂ ಹೆಚ್ಚಿನ ಬಡ್ಡಿ ಬಿದ್ದರೆ ಮುಂದಿನದನ್ನು ಊಹಿಸಲು ನನಗಂತೂ ಕಷ್ಟವಾಗಲಿಲ್ಲ. ಸುಮಾರು 7,500 ನೌಕರರಲ್ಲಿ ಅರ್ಧದಷ್ಟು ಮಂದಿ ಕೆಲವೇ ದಿನಗಳಲ್ಲಿ ಹೊರಬಿದ್ದರು. ಖಾತೆಯ ಹೆಸರಿನ ಪಕ್ಕದ ನೀಲಿ ಗುರುತಿಗೆ ತಿಂಗಳಿಗೆ 8 ಡಾಲರ್, ನಮ್ಮಲ್ಲಿ ಮೊಬೈಲ್ ಆ್ಯಪಿನಲ್ಲಿ 900 ರೂಪಾಯಿ ಬೆಲೆ ಬಂತು. ಜಾಹೀರಾತುದಾರರು ದೂರವಾದದ್ದಕ್ಕೆ ಬರಹಗಳ ಮೇಲಿನ ನಿಗಾ ಸಡಿಲವಾದದ್ದೂ ಕಾರಣ, ನಿಜ. ಆದರೆ ಜಾಹೀರಾತು ಆದಾಯ ಅರ್ಧಕ್ಕೆ ಇಳಿದಿದೆ, ಜೊತೆಗೆ ಭಾರಿ ಸಾಲದ ಹೊರೆಯಿದೆ ಎಂದು 2023ರ ಜುಲೈನಲ್ಲಿ ಮಸ್ಕ್ ಅವರೇ ಬರೆದುಕೊಂಡರು. 2025ರ ಮಾರ್ಚಿನಲ್ಲಿ ಅವರದೇ ಕೃತಕ ಬುದ್ಧಿಮತ್ತೆಯ ಕಂಪನಿ ಎಕ್ಸ್‌ಎಐ ಆ ಜಾಲತಾಣವನ್ನು ಕೊಂಡಾಗ ಸಾಲ ಕಳೆದು ಕಟ್ಟಿದ ಬೆಲೆ 3,300 ಕೋಟಿ ಡಾಲರ್. ಕೊಳ್ಳುವವರೂ ಮಾರುವವರೂ ಒಬ್ಬರೇ ಆಗಿದ್ದಾಗ ಆ ಬೆಲೆಯನ್ನು ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು.

ಹಾಗೆಂದು ಶ್ರೀಮಂತರು ಜಾಲತಾಣಗಳನ್ನು ಮುಟ್ಟಲೇಬಾರದೆಂದು ನಾನು ಹೇಳುವುದಿಲ್ಲ. ಟ್ವಿಟರಿನಂಥದೇ ನಮ್ಮ ದೇಶದ ಜಾಲತಾಣ, ಮೊದಲು ಕನ್ನಡದಲ್ಲಿಯೇ ಶುರುವಾದ 'ಕೂ', ದೊಡ್ಡ ಕಂಪನಿಗಳೊಂದಿಗಿನ ಮಾತುಕತೆಗಳು ಫಲಿಸದೆ 2024ರ ಜುಲೈನಲ್ಲಿ ಮುಚ್ಚಿತು. ಯಾರಾದರೂ ಹಣವಂತರು ಸ್ವಂತ ದುಡ್ಡಿನಲ್ಲಿ ಅದನ್ನು ಕೊಂಡಿದ್ದರೆ ನಾನು ಸಂತೋಷಪಡುತ್ತಿದ್ದೆ. ನೀವು ಒತ್ತಾಯಿಸುವುದಾದರೆ, ಜಾಲತಾಣ ಕೊಳ್ಳುವ ಸಾಲವನ್ನು ಆ ಜಾಲತಾಣದ ಮೇಲೆಯೇ ಹೊರಿಸಬಾರದೆಂದು ಒತ್ತಾಯಿಸಿ. ನಮ್ಮ 2013ರ ಕಂಪನಿ ಕಾಯ್ದೆಯ 67ನೆಯ ಕಲಂ ಸಾರ್ವಜನಿಕ (ಪಬ್ಲಿಕ್ ಲಿಮಿಟೆಡ್) ಕಂಪನಿಯೊಂದು ತನ್ನದೇ ಷೇರು ಕೊಳ್ಳುವವರಿಗೆ ಹಣದ ನೆರವು ಕೊಡುವುದನ್ನು ಹೆಚ್ಚುಕಡಿಮೆ ಹೀಗೆಯೇ ತಡೆಯುತ್ತದೆ. ಖಾಸಗಿ ಕಂಪನಿಗಳಿಗೆ ಆ ಕಟ್ಟುಪಾಡು ಅಷ್ಟಿಲ್ಲ. ಜಾಲತಾಣಗಳ ಮಟ್ಟಿಗಾದರೂ ಅದನ್ನು ಅವುಗಳಿಗೂ ವಿಸ್ತರಿಸಬೇಕೆಂಬುದು ನನ್ನ ಅಭಿಪ್ರಾಯ.