ಸೆಸ್ನಾ ಎತ್ತುವಾಗ ಕಾಲಿನ ಬಣ್ಣ ಯಾಕೆ ಕಿತ್ತು ಬರುತ್ತದೆ?

ಪ್ರಶ್ನೆ: ಸರ್, ಟಯರ್ ಬದಲಿಸಲು ನಮ್ಮ ಪುಟ್ಟ ವಿಮಾನ ಸೆಸ್ನಾ 172ರ ಒಂದು ಚಕ್ರ ಎತ್ತಿದಾಗಲೆಲ್ಲ, ಜಾಕ್ ಕೊಡಲು ಚಕ್ರದ ಕಾಲಿಗೆ ಬಿಗಿಯುವ ಕ್ಲ್ಯಾಂಪ್ ಕೂತ ಜಾಗದಲ್ಲಿ ಬಣ್ಣ ಹೋಗುತ್ತದೆ. ಹಳೆ ಟ್ಯೂಬಿನ ರಬ್ಬರ್ ಸುತ್ತಿ ನೋಡಿದೆವು, ಆದರೂ ಹೋಯಿತು. ಇನ್ನೂ ದಪ್ಪ ರಬ್ಬರ್ ಹಾಕೋಣವಾ?

ಉತ್ತರ: ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಎಲ್ಲರ ಕಣ್ಣು ರಬ್ಬರ್ ಮೇಲೆ. ಎತ್ತುವಾಗ ಕಾಲು ಯಾವ ಕಡೆ ಹೋಗುತ್ತದೆ ಅಂತ ಒಬ್ಬರೂ ನೋಡಿರುವುದಿಲ್ಲ.

172ರ ಹಿಂದಿನ ಎರಡು ಕಾಲುಗಳಿಗೆ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇಲ್ಲ. ಕಾಲೇ ಸ್ಪ್ರಿಂಗ್. ಮೊದಲು ಚಪ್ಪಟೆ ಸ್ಟೀಲ್ ಪಟ್ಟಿ ಇತ್ತು, 1971ರ ಮಾದರಿಯಿಂದ ಕೊಳವೆಯಾಯಿತು. ಭಾರ ಬಿದ್ದಾಗ ಎರಡೂ ಕಾಲು ಹೊರಕ್ಕೆ ಅಗಲಿಸಿಕೊಂಡು ನಿಂತಿರುತ್ತವೆ, ಭಾರ ತೆಗೆದರೆ ಒಳಕ್ಕೆ ಬರುತ್ತವೆ. ಜಾಕ್ ಏರುತ್ತ ಹೋದಂತೆ ಕಾಲು ಚಕ್ರದ ಸಮೇತ ವಿಮಾನದ ಹೊಟ್ಟೆಯ ಕಡೆಗೆ ಜಾರುತ್ತದೆ, ಆದರೆ ಜಾಕಿನ ತಳ ಇದ್ದಲ್ಲೇ ಇರುತ್ತದೆ. ಆಗ ಜಾಕ್ ವಾಲುತ್ತದೆ, ಕ್ಲ್ಯಾಂಪ್ ತಿರುಚಿಕೊಂಡು ಕಾಲನ್ನು ಉಜ್ಜುತ್ತದೆ. ಬಣ್ಣ ಹೋಗುವುದು ಆಗಲೇ. ದಪ್ಪ ರಬ್ಬರ್ ಹಾಕಿದರೆ ಹಿಡಿತ ಇನ್ನೂ ಸಡಿಲ, ಜಾರುವುದು ಇನ್ನೂ ಜಾಸ್ತಿ.

ಪರಿಹಾರ ಕಂಪನಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ಇದೆ, ಎರಡು ಸಲದಲ್ಲಿ ಎತ್ತಬೇಕು. ಮೊದಲ ಸಲ ಜಾಕ್ ವಾಲಲು ಶುರುವಾದ ಕೂಡಲೇ ನಿಲ್ಲಿಸಿ, ಇಳಿಸಿ. ಟಯರ್ ನೆಲ ಹಿಡಿದುಕೊಳ್ಳುವುದರಿಂದ ಕಾಲು ಪೂರ್ತಿ ಹಳೆ ಜಾಗಕ್ಕೆ ವಾಪಸ್ ಹೋಗುವುದಿಲ್ಲ. ಈಗ ಕ್ಲ್ಯಾಂಪ್ ಬಿಚ್ಚಿ ಸರಿಯಾಗಿ ಕೂರಿಸಿ, ಜಾಕನ್ನು ನೆಟ್ಟಗೆ ನಿಲ್ಲಿಸಿ, ಮತ್ತೆ ಎತ್ತಿ. ಟಯರ್ ನೆಲ ಬಿಟ್ಟರೆ ಸಾಕು, ಅದಕ್ಕಿಂತ ಮೇಲೆ ಬೇಡ. ಕ್ಲ್ಯಾಂಪ್ ಹಾಕುವ ಮೊದಲು ಕಾಲನ್ನೂ ಕ್ಲ್ಯಾಂಪಿನ ಒಳಬದಿಯನ್ನೂ ಚೆನ್ನಾಗಿ ಒರೆಸಿ. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಉಳಿಯಂತೆ ಕೊರೆಯುತ್ತದೆ, ಬ್ರೇಕ್ ಎಣ್ಣೆಯ ಜಿಡ್ಡಿದ್ದರೆ ಜಾರುತ್ತದೆ. ಕಾಲಿನ ಉದ್ದಕ್ಕೂ ಇಳಿಯುವ ಬ್ರೇಕ್ ಪೈಪ್ ಕ್ಲ್ಯಾಂಪಿನೊಳಗೆ ಸಿಕ್ಕಿಲ್ಲ ಅಂತ ಬೆರಳಿನಿಂದ ಮುಟ್ಟಿ ನೋಡಿ.

ಬಣ್ಣಕ್ಕೆ ಇಷ್ಟೊಂದು ಯಾಕೆ ಅಂತ ಕೇಳುವವರೂ ಇದ್ದಾರೆ. ಚಂದಕ್ಕಲ್ಲ. ಈ ಕಾಲಿನ ಮೇಲ್ಮೈಗೆ ಸಣ್ಣ ಗುಂಡುಗಳನ್ನು ಜೋರಾಗಿ ಹೊಡೆದು, ಲೋಹದ ಮೇಲಿನ ಪದರವನ್ನು ಒತ್ತಡದಲ್ಲಿ ಇಟ್ಟಿರುತ್ತಾರೆ. ಬಿರುಕು ಹುಟ್ಟದಂತೆ ಕಾಯುವುದು ಆ ಪದರ. ಬಣ್ಣ ಹೋದಲ್ಲಿ ತುಕ್ಕು ಹಿಡಿಯುತ್ತದೆ, ತುಕ್ಕು ಆ ಪದರದಲ್ಲಿ ಗುಳಿ ತೋಡುತ್ತದೆ, ಪ್ರತಿ ಲ್ಯಾಂಡಿಂಗ್‌ಗೂ ಕಾಲು ಬಗ್ಗಿ ಏಳುವಾಗ ಬಿರುಕು ಶುರುವಾಗುವುದು ಆ ಗುಳಿಯಿಂದ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರಿನ ಕಡೆಯ ಉಪ್ಪು ಗಾಳಿಯಲ್ಲಿ, ನಾಳೆ ಬಳಿದರಾಯಿತು ಅಂತ ಬಿಡಲೇಬೇಡಿ. ಬಣ್ಣ ಹೋಗಿದ್ದರೆ ನುಣುಪು ಎಮರಿ ಪೇಪರಿನಿಂದ ಕಾಲಿನ ಉದ್ದಕ್ಕೆ ಮಾತ್ರ ಹಗುರವಾಗಿ ಉಜ್ಜಿ, ಅಡ್ಡಕ್ಕೆ ಬೇಡ. ಒರೆಸಿ, ಪ್ರೈಮರ್ ಹಾಕಿ, ಅದೇ ದಿನ ಬಣ್ಣ ಕೊಡಿ. ಗೆರೆ ಉಗುರಿಗೆ ಸಿಕ್ಕುವಷ್ಟು ಆಳವಿದ್ದರೆ ನೀವು ಕೈ ಹಾಕಬೇಡಿ, ಲೈಸೆನ್ಸ್ ಇರುವ ಎಂಜಿನಿಯರ್ ನೋಡಲಿ.

ಇನ್ನೊಂದು ಮಾತು. ತುಕ್ಕು ಬಿಡಿಸುವ ಆಸಿಡ್ ಹಚ್ಚಿ ಅಂತ ಸಲಹೆ ಕೊಡುವ ಗ್ಯಾರೇಜ್ ಪಂಡಿತರಿದ್ದಾರೆ. ಅವರ ಮಾತು ಕೇಳಬೇಡಿ. ಇಷ್ಟು ಗಟ್ಟಿ ಸ್ಟೀಲಿಗೆ ಆಸಿಡ್ ತಾಗಿದರೆ ಹೈಡ್ರೋಜನ್ ಒಳಗೆ ಇಳಿದು ಲೋಹ ಗಾಜಿನಂತೆ ಪೆಡಸಾಗಬಹುದು, ಹೊರಗಿನಿಂದ ಏನೂ ಕಾಣುವುದಿಲ್ಲ. ವೆಲ್ಡಿಂಗ್ ಮಾಡಿ ಗುಳಿ ತುಂಬಿಸುತ್ತೇನೆ ಅನ್ನುವವನನ್ನು ಹ್ಯಾಂಗರಿನೊಳಗೆ ಬಿಟ್ಟುಕೊಳ್ಳಲೇಬೇಡಿ.

ನಾನು ಕೆಲಸ ಕಲಿಯುವಾಗ ಒಂದು ಕಡೆ, ವಾಲಿದ ಜಾಕನ್ನು ನೋಡಿಯೂ ಇನ್ನೆರಡು ಸಲ ಪಂಪ್ ಹೊಡೆದರು. ಕ್ಲ್ಯಾಂಪ್ ಜಾರಿ ವಿಮಾನ ಧಪ್ಪಂತ ಕೂತಿತು. ಚಕ್ರದ ಕೆಳಗೆ ಕೈ ಇಟ್ಟಿದ್ದ ಹುಡುಗ ಸ್ಪ್ಯಾನರ್ ತರಲು ಆಗಷ್ಟೇ ಎದ್ದಿದ್ದ. ಆ ಸದ್ದು ನನಗೆ ಇವತ್ತಿಗೂ ಮರೆತಿಲ್ಲ. ಅದಕ್ಕೇ ಜಾಕ್ ಮೇಲಿರುವ ವಿಮಾನದ ಕೆಳಗೆ ನನ್ನ ಎದುರು ಯಾರನ್ನೂ ನುಸುಳಲು ಬಿಡುವುದಿಲ್ಲ.

ಪ್ರಶ್ನೆ: ಕ್ಲ್ಯಾಂಪ್ ಬೇಡ ಅಂತ ಬ್ರೇಕಿನ ಕೆಳಗೇ ಜಾಕ್ ಕೊಡಬಹುದಾ?

ಉತ್ತರ: ಕೂಡದು, ಅದು ಎರಕದ ಭಾಗ, ವಿಮಾನ ಹೊರಲು ಮಾಡಿದ್ದಲ್ಲ.

ಪ್ರಶ್ನೆ: ಎರಡು ಕ್ಲ್ಯಾಂಪ್ ಹಾಕಿ ಎರಡೂ ಚಕ್ರ ಒಟ್ಟಿಗೆ ಎತ್ತಿದರೆ ಸಮಯ ಉಳಿಯುತ್ತದಲ್ವಾ?

ಉತ್ತರ: ಎರಡೂ ಕಾಲು ಒಳಕ್ಕೆ ಜಾರಿ ಎರಡೂ ಜಾಕ್ ವಾಲುತ್ತವೆ. ಒಂದೊಂದಾಗಿ ಎತ್ತಿ, ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ.

ಪ್ರಶ್ನೆ: ಮೂತಿ ಎತ್ತಲು ಬಾಲದ ಅಡ್ಡ ರೆಕ್ಕೆ ಮೇಲೆ ಕೂರುತ್ತೇವೆ. ಸರಿಯಾ?

ಉತ್ತರ: ತಪ್ಪು. ಆ ರೆಕ್ಕೆಗೆ ಸ್ವಲ್ಪ ಮುಂದೆ, ಬಾಲದ ಮೈಯಲ್ಲಿ ಒಳಗೆ ಅಡ್ಡ ಚೌಕಟ್ಟು (ಬಲ್ಕ್‌ಹೆಡ್) ಇರುವ ಜಾಗದ ಮೇಲೆ ಒತ್ತಿ.

ಪ್ರಶ್ನೆ: ಹ್ಯಾಂಗರ್ ಖಾಲಿ ಇಲ್ಲ, ಹೊರಗೇ ಎತ್ತಬಹುದಾ?

ಉತ್ತರ: ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಂಥ ಬಯಲಲ್ಲಿ, ಆಷಾಢದ ಗಾಳಿಯಲ್ಲಾ? ರೆಕ್ಕೆ ಇರುವುದೇ ಗಾಳಿಗೆ ಏಳಲು. ಹ್ಯಾಂಗರ್ ಖಾಲಿಯಾಗುವ ತನಕ ಕಾಯಿರಿ.