ಮೇಲೊಂದೇ ಲೈಟ್ ಸಾಲದು

ಆರಡಿ ಕಪಾಟು, ಐದು ಅಂತಸ್ತು, ಆರಿಂಚಿನ ಫಿಗರ್‌ಗಳು (ಸಂಗ್ರಹಿಸಿಡುವ ಪ್ಲಾಸ್ಟಿಕ್ ಗೊಂಬೆಗಳು), ಮೇಲೊಂದು ಲೈಟ್. ಕೆಳಗಿನ ಮೂರು ಅಂತಸ್ತು ಕತ್ತಲು, ಇನ್ನೂ ದೊಡ್ಡ ಬಲ್ಬ್ ಹಾಕಲಾ ಅಂತ ಕೇಳಿದ್ದೀರಿ, ಅಲ್ವಾ? ಬೇಡ. ಬೆಳಕು ನೆತ್ತಿಯಿಂದ ಬಿದ್ದರೆ ಹಣೆ, ಭುಜ ಮಾತ್ರ ಹೊಳೆಯುತ್ತವೆ. ಕಣ್ಣು ಗುಳಿ ಬಿದ್ದಂತೆ ಕಾಣುತ್ತದೆ. ಅಂತಸ್ತುಗಳಿಗೆ ಗಾಜೇ ಹಾಕಿದರೂ ಮೇಲಿನ ಫಿಗರ್‌ಗಳ ನೆರಳು ಕೆಳಗಿನವುಗಳ ಮೇಲೆ ಬೀಳುತ್ತದೆ.

ಬಾಗಿಲ ಹಿಂದೆ, ಎಡ ಬಲ ಮೂಲೆಗಳಲ್ಲಿ ಮೇಲಿಂದ ಕೆಳಗಿನವರೆಗೆ ಎಲ್‌ಇಡಿ ಸ್ಟ್ರಿಪ್ ಅಂಟಿಸಿ, ಮುಖ ಒಳಗಡೆಗಿರಲಿ. ಹಾಲು ಬಣ್ಣದ ಮುಚ್ಚಳವಿರುವ 45 ಡಿಗ್ರಿ ಅಲ್ಯೂಮಿನಿಯಂ ಚಾನೆಲ್ ಹಾಕಿದರೆ ಚುಕ್ಕಿ ಚುಕ್ಕಿ ಕಾಣುವುದಿಲ್ಲ. ಬೆಳಕಿನ ಬಣ್ಣ 4000 ಕೆಲ್ವಿನ್ (ತೀರಾ ಹಳದಿಯೂ ಅಲ್ಲ, ನೀಲಿಯೂ ಅಲ್ಲ), ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಳತೆ) 90 ಇದ್ದರೆ ಪೇಂಟ್ ನಿಜವಾಗಿ ಕಾಣುತ್ತದೆ. ಮೀಟರಿಗೆ 4.8 ವ್ಯಾಟ್‌ನ ಸ್ಟ್ರಿಪ್ ಆದರೆ ಎರಡೂ ಬದಿ ಸೇರಿ 3.6 ಮೀಟರಿಗೆ ಸುಮಾರು 17 ವ್ಯಾಟ್. 12 ವೋಲ್ಟ್, 2 ಆಂಪಿಯರ್ ಅಡಾಪ್ಟರ್ ಧಾರಾಳ.

ಅಡಾಪ್ಟರ್ ಮಾತ್ರ ಒಳಗಿಡಬೇಡಿ. ನಾನು ಚೆನ್ನಾಗಿ ಕಾಣಲಿ ಅಂತ ಕೆಳಗಿನ ಅಂತಸ್ತಿನ ಹಿಂದೆ ಬಚ್ಚಿಟ್ಟಿದ್ದೆ. ಬೇಸಿಗೆ ಮುಗಿದು ಬಾಗಿಲು ತೆರೆದರೆ ಗಮ್ಮೆಂದು ಪ್ಲಾಸ್ಟಿಕ್ ವಾಸನೆ, ಫಿಗರ್‌ಗಳೆಲ್ಲ ಜಿಗುಟು! ಬಿಸಿಗೆ ಫಿಗರ್‌ಗಳ ಪಿವಿಸಿ ಪ್ಲಾಸ್ಟಿಕ್‌ನೊಳಗಿನ ಮೆದುಕಾರಕ (ಪ್ಲಾಸ್ಟಿಕ್ ಮೆದುವಾಗಲು ಬೆರೆಸುವ ಎಣ್ಣೆಯಂಥ ವಸ್ತು) ಹೊರಗೆ ಬಂದಿತ್ತು. ಉಗುರುಬೆಚ್ಚಗಿನ ಸೋಪು ನೀರಲ್ಲಿ ಒಂದೊಂದೇ ತೊಳೆದೆ, ಭಾನುವಾರ ಪೂರ್ತಿ ಅದೇ ಕೆಲಸ. ಆಮೇಲೆ ಗಾಳಿಯಾಡಲಿ ಅಂತ ಹಿಂಭಾಗದ ಹಲಗೆಗೆ ಮೇಲೆ ಎರಡು, ಕೆಳಗೆ ಎರಡು ತೂತು ಕೊರೆಸಿ ಜಾಲರಿ ಹೊಡೆಸಿದೆ.

ಹಿಂದಿನ ಸಾಲು ಮರೆಯಾಗುತ್ತಿದ್ದರೆ ದಸರಾ ಗೊಂಬೆಗೆ ಕಟ್ಟುವ ಹಾಗೆ ಸಣ್ಣ ಮೆಟ್ಟಿಲು ಮಾಡಿ. ಮೂರಿಂಚು ಎತ್ತರ ಸಾಕು.